ಎಲೆ ನೋಡಲು ಬನ್ನಿ

ಸ್ಯಾನ್ ಡಿಯೇಗೋದಲ್ಲಿ ಸ್ವೆಟರ್ ತೊಟ್ಟುಕೊಳ್ಳುವ ವಸ್ತುವಲ್ಲ, ಇಟ್ಟುಕೊಳ್ಳುವ ವಸ್ತು. ಯೂನಿವರ್ಸಿಟಿ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಕಪಾಟಿನ ಮೇಲೆ ಒಂದು ಕೆಂಪು ಸೂಟ್‌ಕೇಸ್ ಇದೆ. ನಮ್ಮ ಸ್ವೆಟರುಗಳೆಲ್ಲ ವರ್ಷಗಟ್ಟಲೆ ಅದರೊಳಗೆ ಸುಖವಾಗಿ ನಿದ್ರಿಸುತ್ತವೆ. ಮೊನ್ನೆ ಬೇರೇನೋ ಹುಡುಕುತ್ತ ಅದನ್ನು ಇಳಿಸಿ ಬಿಚ್ಚಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಅಜ್ಜಿಯ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾದದ್ದು ಎರಡು ಸಾವಿರದ ಇಪ್ಪತ್ತೆರಡರ ಶರತ್ಕಾಲ, ಮತ್ತು ಗಿರಿಜಕ್ಕ. ಹುಡುಕುತ್ತಿದ್ದ ವಸ್ತು ಮರೆತುಹೋಗಿ, ಅಲ್ಲೇ ನೆಲದ ಮೇಲೆ ಕುಳಿತೆ.

ನಮ್ಮಲ್ಲಿ ಅಕ್ಟೋಬರ್ ಎಂದರೆ ಮರುಭೂಮಿಯ ಕಡೆಯಿಂದ ಬೀಸುವ ಬಿಸಿಗಾಳಿ. ದೇಶದ ಉಳಿದ ಜನ ಕುಂಬಳಕಾಯಿ ಕೆತ್ತಿ, ಕೋಟು ಹುಡುಕುವ ಹೊತ್ತಿಗೆ ನಾವು ಫ್ಯಾನ್ ಹುಡುಕುತ್ತೇವೆ. ಇಲ್ಲಿನ ನೀಲಗಿರಿ ಮರಗಳಿಗೆ ವರ್ಷವಿಡೀ ಒಂದೇ ಬೂದು ಹಸಿರು. ಎಲೆ ಹಳದಿಯಾಗುವುದನ್ನು, ಕೆಂಪಾಗುವುದನ್ನು ನೋಡಬೇಕಾದರೆ ಊರು ಬಿಟ್ಟೇ ಹೋಗಬೇಕು. ಒಮ್ಮೆ ಹೋಗಿ ನೋಡಬೇಕು ಎಂದು ನಾವು ನಾಲ್ವರು ಹತ್ತು ವರ್ಷ ಮಾತಾಡಿದ್ದೆವು. ನಾನು, ನನ್ನ ಗಂಡ ರಾಘು, ಲಾಸ್ ಏಂಜಲೀಸಿನ ಗಿರಿಜಕ್ಕ ಮತ್ತು ಅವರ ಗಂಡ ಶ್ರೀಪಾದಣ್ಣ.

ನಾವಿಬ್ಬರೂ ಉಡುಪಿಯವರು. ಅವರು ಬಾಗಲಕೋಟೆಯವರು. ಪರಿಚಯವಾದದ್ದು ಲಾಸ್ ಏಂಜಲೀಸಿನ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನದಲ್ಲಿ, ಪುಳಿಯೋಗರೆಯ ಸಾಲಿನಲ್ಲಿ. ನಾನು ರಾಘುವಿಗೆ "ಎಂತ ಮಾರಾಯ್ರೆ, ಇದಕ್ಕೆ ಬೆಲ್ಲವೇ ಹಾಕ್ಲಿಲ್ಲ" ಅಂದದ್ದು ಹಿಂದೆ ನಿಂತಿದ್ದ ಗಿರಿಜಕ್ಕನ ಕಿವಿಗೆ ಬಿತ್ತು. "ನಿಮ್ಮ ಕಡೆ ಉಪ್ಪಿನಕಾಯಿಗೂ ಬೆಲ್ಲಾ ಹಾಕ್ತಾರಂತ, ಖರೇ ಏನು?" ಎಂದು ಅವರು ಕೇಳಿದರು. ಅಲ್ಲಿಂದ ಹದಿನೈದು ವರ್ಷದ ಗೆಳೆತನ. ತಿಂಗಳಿಗೊಮ್ಮೆ ಎರಡೂವರೆ ಗಂಟೆ ಡ್ರೈವ್ ಮಾಡಿ ನಾವು ಅಲ್ಲಿಗೆ, ಇಲ್ಲವೇ ಅವರು ಇಲ್ಲಿಗೆ. ಎಲೆ ನೋಡುವ ಮಾತು ಪ್ರತಿ ಸೆಪ್ಟೆಂಬರಿನಲ್ಲಿ ಎದ್ದು, ಪ್ರತಿ ನವೆಂಬರಿನಲ್ಲಿ ಮಲಗುತ್ತಿತ್ತು. ಒಂದು ವರ್ಷ ಅವರ ಮಗಳು ನಿಧಿಯ ಪರೀಕ್ಷೆ, ಇನ್ನೊಂದು ವರ್ಷ ನನ್ನ ಲ್ಯಾಬಿನ ಇನ್‌ಸ್ಪೆಕ್ಷನ್, ಯಾವಾಗಲೂ ನವರಾತ್ರಿ. ಕೊನೆಗೆ ಎರಡು ಸಾವಿರದ ಹತ್ತೊಂಬತ್ತರಲ್ಲಿ ರಾಘು ಹಟ ಹಿಡಿದು ಒಂದು ಎಕ್ಸೆಲ್ ಫೈಲ್ ಮಾಡಿದ. ಮುಂದಿನ ವರ್ಷ ಏನಾದರಾಗಲಿ, ಹೋಗಿಯೇ ಸಿದ್ಧ ಅಂದ.

ಮುಂದಿನ ವರ್ಷ ಏನೇನಾಯಿತು ಎಂಬುದು ಎಲ್ಲರಿಗೂ ಗೊತ್ತು. ಆ ವರ್ಷದ ಅಕ್ಟೋಬರಿನಲ್ಲಿ ಶ್ರೀಪಾದಣ್ಣ ತೀರಿಕೊಂಡರು. ಎಲ್ಲರೂ ಹೆದರುತ್ತಿದ್ದ ಆ ಕಾಯಿಲೆಯಿಂದಲ್ಲ, ಹೃದಯದಿಂದ. ಬೆಳಿಗ್ಗೆ ಗಿಡಕ್ಕೆ ನೀರು ಬಿಡುತ್ತಿದ್ದವರು ಪೈಪು ಹಿಡಿದುಕೊಂಡೇ ಕುಸಿದರು. ಅಂತ್ಯಕ್ರಿಯೆಗೆ ಹತ್ತೇ ಜನ ಬರಬಹುದು ಎಂಬ ನಿಯಮವಿತ್ತು. ಗಿರಿಜಕ್ಕ ಫೋನ್ ಮಾಡಿ, "ಹತ್ತು ಮಂದಿಯೊಳಗ ನೀವಿಬ್ಬರು ಇದ್ದೀರಿ" ಅಂದರು. ಅಷ್ಟೇ ಅಂದದ್ದು.

ನಾವು ಹೋಗಲಿಲ್ಲ. ರಾಘುವಿಗೆ ಆಸ್ತಮಾ ಇದ್ದದ್ದು ನಿಜ. ಆ ವಾರ ಕಾಡಿನ ಬೆಂಕಿಯ ಹೊಗೆ ಊರೆಲ್ಲ ಕವಿದಿದ್ದದ್ದೂ ನಿಜ. ಆದರೆ ನಾನೊಬ್ಬಳೇ ಹೋಗಬಹುದಿತ್ತು. ಕಾರಿತ್ತು, ಪೆಟ್ರೋಲಿತ್ತು, ಮಾಸ್ಕ್ ಇತ್ತು. ನನಗೆ ಹೆದರಿಕೆಯಾಯಿತು. ರಾಘುವಿನ ಆಸ್ತಮಾವನ್ನು ಮುಂದೆ ಮಾಡಿ, "ಝೂಮಿನಲ್ಲಿ ನೋಡ್ತೇವೆ ಗಿರಿಜಕ್ಕ" ಎಂದೆ. ಐಪ್ಯಾಡನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು, ಒಬ್ಬ ಅಣ್ಣನ ಹಾಗಿದ್ದ ಮನುಷ್ಯ ಹೋಗುವುದನ್ನು ನೋಡಿದೆ. ಕಣ್ಣೊರೆಸಿಕೊಂಡೆ, ಆಮೇಲೆ ಬಟನ್ ಒತ್ತಿ ಹೊರಬಂದೆ.

ಆಮೇಲೆ ಗಿರಿಜಕ್ಕ ನಮ್ಮ ಫೋನ್ ಎತ್ತಲಿಲ್ಲ. ಹುಟ್ಟುಹಬ್ಬಕ್ಕೆ, ಯುಗಾದಿಗೆ, ದೀಪಾವಳಿಗೆ ಮೆಸೇಜ್ ಹಾಕಿದೆ. ಓದಿದ ಗುರುತಿಗೆ ಎರಡು ನೀಲಿ ಗೀಟು ಬೀಳುತ್ತಿದ್ದವು, ಉತ್ತರ ಬರುತ್ತಿರಲಿಲ್ಲ. ಹೋಗಿ ಬಾಗಿಲು ತಟ್ಟುವ ಧೈರ್ಯ ನನಗಿರಲಿಲ್ಲ. ಹೋಗಬೇಕಾದ ದಿನ ಹೋಗದವಳು ಆಮೇಲೆ ಯಾವ ಮುಖ ಹೊತ್ತು ಹೋಗಲಿ? ಹೀಗೇ ಎರಡು ವರ್ಷ ಕಳೆಯಿತು.

ಇಪ್ಪತ್ತೆರಡರ ಆಗಸ್ಟಿನಲ್ಲಿ ರಾಘು ಹಳೆಯ ಎಕ್ಸೆಲ್ ಫೈಲನ್ನು ಮತ್ತೆ ತೆರೆದ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಎಲೆ ನೋಡುವ ಟ್ರಿಪ್ ಪ್ಲಾನ್ ಮಾಡಿರಲಿಲ್ಲ. ಎಲೆಗೊಂದು 'ಪೀಕ್' ಎಂಬುದಿದೆ. ಪೀಕ್ ಎಂದರೆ ಬಣ್ಣ ತುಂಬಿ ಬರುವ ನಾಲ್ಕೈದು ದಿನ. ನಾಲ್ಕು ದಿನ ಮೊದಲು ಹೋದರೆ ಹಸಿರು, ನಾಲ್ಕು ದಿನ ತಡವಾದರೆ ಬರಿ ಕೊಂಬೆ. ಅದನ್ನು ಹೇಳುವ ನಕಾಶೆಗಳಿವೆ, ಗಳಿಗೆಗೊಮ್ಮೆ ಫೋಟೋ ಹಾಕುವ ಜನರಿದ್ದಾರೆ. ನಮ್ಮ ಊರಿನ ಭಟ್ಟರು ಮುಹೂರ್ತಕ್ಕೂ ಇಷ್ಟು ಲೆಕ್ಕ ಹಾಕುವುದಿಲ್ಲ. ಮೊದಲು ಎಲ್ಲರ ಬಾಯಲ್ಲಿರುವ ವರ್ಮಾಂಟ್ ನೋಡಿದೆವು. ಅಲ್ಲಿನ ಹಳ್ಳಿಯ ಹೋಟೆಲುಗಳಲ್ಲಿ ಆ ವಾರದ ರೂಮುಗಳು ಹಿಂದಿನ ವರ್ಷವೇ ತುಂಬಿಹೋಗಿದ್ದವು.

ಉಡುಪಿಯಿಂದ ಅಮ್ಮ ಫೋನಿನಲ್ಲಿ ಕೇಳಿದರು. "ಎಲೆ ಉದುರುದನ್ನು ನೋಡ್ಲಿಕ್ಕೆ ವಿಮಾನ ಹತ್ತುದಾ? ನಮ್ಮ ಅಂಗಳಕ್ಕೆ ಬಾ ಮಾರಾಯ್ತಿ. ಹಲಸಿನ ಎಲೆ ಬೇಕಾದಷ್ಟುಂಟು. ನೋಡಿಯೂ ಆಯ್ತು, ಗುಡಿಸಿಯೂ ಆಯ್ತು."

ಕೊನೆಗೆ ಕ್ಯಾಲಿಫೋರ್ನಿಯಾದ ಒಳಗೇ, ಸಿಯೆರಾ ಬೆಟ್ಟಗಳ ಪೂರ್ವದ ಮಗ್ಗುಲಲ್ಲಿರುವ ಬಿಷಪ್ ಎಂಬ ಸಣ್ಣ ಊರು ಗೊತ್ತಾಯಿತು. ಸುತ್ತ ದನದ ಹುಲ್ಲುಗಾವಲು, ಮೇಲೆ ಕಣಿವೆಗಳಲ್ಲಿ ಆಸ್ಪೆನ್ ಮರಗಳು. ಅಕ್ಟೋಬರ್ ಮೊದಲರ್ಧದಲ್ಲಿ ಅವು ಹಳದಿಯಾಗುತ್ತವೆ. ಕಾರಿನಲ್ಲೇ ಹೋಗಬಹುದು. ಸ್ಯಾನ್ ಡಿಯೇಗೋದಿಂದ ಹತ್ತಿರದ ದಾರಿ ಮರುಭೂಮಿಯ ಮೂಲಕ, ಸೀದಾ ಉತ್ತರಕ್ಕೆ. ಆದರೆ ಕರಾವಳಿ ಹಿಡಿದು ಲಾಸ್ ಏಂಜಲೀಸಿನ ಮೂಲಕವೂ ಹೋಗಬಹುದು. ನಾನು ಆ ದಾರಿಯೇ ಆಗಲಿ ಎಂದೆ.

"ಅದು ಒಂದು ಗಂಟೆ ಜಾಸ್ತಿ ಅಲ್ವಾ?" ಎಂದ ರಾಘು.

"ಸಮುದ್ರ ಕಾಣ್ತದೆ."

"ಸಮುದ್ರ ನಿನಗೆ ಡೆಲ್ ಮಾರಿನಲ್ಲಿ ದಿನಾ ಕಾಣ್ತದೆ. ಆಫೀಸಿಗೆ ಹೋಗುದೇ ಅದರ ಬದಿಯಿಂದ."

ಅವನು ಸ್ವಲ್ಪ ಹೊತ್ತು ನಕಾಶೆ ನೋಡಿ, "ಆ ದಾರಿಯಲ್ಲಿ ಗಿರಿಜಕ್ಕನ ಮನೆ ಸಿಗ್ತದೆ" ಅಂದ. "ಸಿಕ್ಕಿದರೆ ಸಿಗ್ಲಿ" ಅಂದೆ. ಅವನು ಫೈಲಿನಲ್ಲಿ ಮೈಲಿ ತಿದ್ದಿದ. ನನ್ನ ಗಂಡನಿಗೆ ಮಾತು ಕಡಿಮೆ, ತಿದ್ದುಪಡಿ ಜಾಸ್ತಿ.

ಆ ವರ್ಷ ವಿಜಯದಶಮಿ ಅಕ್ಟೋಬರ್ ಮೊದಲ ವಾರದಲ್ಲೇ ಬಂತು. ಅದರ ಹಿಂದಿನ ದಿನ ರಾಘು ದೇವಸ್ಥಾನದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದ. ಎಲೆ ನೋಡಲು ಬಿಷಪ್ ಕಡೆ ಹೋದವರು ಯಾರಾದರೂ ಇದ್ದೀರಾ, ಯಾವ ಕಣಿವೆ ಒಳ್ಳೆಯದು ಎಂದು. ಗಿರಿಜಕ್ಕ ಆ ಗುಂಪಿನಲ್ಲಿದ್ದರು, ಆದರೆ ಎರಡು ವರ್ಷದಿಂದ ಅಲ್ಲಿ ಒಂದಕ್ಷರ ಬರೆದಿರಲಿಲ್ಲ. ಮರುದಿನ ನಾನು ಲ್ಯಾಬಿನಲ್ಲಿದ್ದಾಗ ಫೋನ್ ಗುಂಯ್‌ಗುಟ್ಟಿತು. ಗಿರಿಜಕ್ಕನ ಹೆಸರು. ಒಂದು ಫೋಟೋ: ಅಂಗೈಯ ಮೇಲೆ ಸಣ್ಣ ಸಣ್ಣ ಎಲೆಗಳ ಒಂದು ಕಡ್ಡಿ. ಕೆಳಗೆ ಒಂದೇ ಪದ: "ಬನ್ನಿ."

ನಾನು ಕೈಗವಸು ಕಿತ್ತೆಸೆದು ಕಾರಿಡಾರಿಗೆ ಓಡಿ ರಾಘುವಿಗೆ ಫೋನ್ ಮಾಡಿದೆ. "ಗಿರಿಜಕ್ಕ ಬನ್ನಿ ಅಂದಿದ್ದಾರೆ! ಎಲೆಯ ಫೋಟೋ ಹಾಕಿದ್ದಾರೆ. ನಿಮ್ಮ ಪ್ರಶ್ನೆ ನೋಡಿದ್ದಾರೆ. ಒಟ್ಟಿಗೆ ಹೋಗುವ ಅಂತ!" ಅಂದೆ. ಅಳು ಬಂತು. ಹಿಂದಿನಿಂದ ಯಾರೋ ಆರ್ ಯು ಓಕೆ ಎಂದು ಕೇಳಿದರು. ಓಕೆ ಅಂದೆ. ಅಷ್ಟು ಓಕೆ ನಾನು ಎರಡು ವರ್ಷದಲ್ಲಿ ಆಗಿರಲಿಲ್ಲ.

ಉತ್ತರ ಬರೆಯಲಿಲ್ಲ. ಬರೆದರೆ ಏನಾದರೂ ಕೆಟ್ಟೀತು ಎಂದು ಭಯ. ಟ್ರಿಪ್ ಇದ್ದದ್ದು ಮುಂದಿನ ವಾರ; ಶನಿವಾರ ಬೆಳಿಗ್ಗೆಯೇ ಗಿರಿಜಕ್ಕನ ಮನೆಗೆ ಹೊರಟೆವು, ಪ್ಲಾನ್ ಅಲ್ಲೇ ಕುಳಿತು ಮುಗಿಸುವುದು ಎಂದು. ಲ್ಯಾಪ್‌ಟಾಪ್, ನಕಾಶೆ, ಒಂದು ಡಬ್ಬಿ ಗೋಳಿಬಜೆ. ಹಿಂದೆಲ್ಲ ಗಿರಿಜಕ್ಕ ಗೋಳಿಬಜೆಯನ್ನು "ನಿಮ್ಮ ಚೆಂಡು" ಎಂದು ಕರೆದು ಹತ್ತು ತಿನ್ನುತ್ತಿದ್ದರು. ದಾರಿಯುದ್ದಕ್ಕೂ ಟ್ರಾಫಿಕ್ಕು. ರಾಘು ಎರಡು ಸಲ, "ನಿಧಾನ ಮಾತಾಡು, ಗಡಿಬಿಡಿ ಮಾಡ್ಬೇಡ" ಎಂದು ನನಗೆ ಪಾಠ ಹೇಳಿದ.

ಬಾಗಿಲು ತೆರೆದದ್ದು ನಿಧಿ. "ಅಮ್ಮಾ! ಸ್ಯಾನ್ ಡಿಯೇಗೋ ಆಂಟಿ ಈಸ್ ಹಿಯರ್!" ಎಂದು ಒಳಗೆ ಕೂಗಿದಳು. ಗಿರಿಜಕ್ಕ ಸೆರಗಿಗೆ ಕೈ ಒರೆಸುತ್ತ ಬಂದರು. ತೆಳ್ಳಗಾಗಿದ್ದರು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ನಮ್ಮನ್ನು ನೋಡಿ ಮುಖದಲ್ಲಿ ಸಂತೋಷ ಕಾಣಲಿಲ್ಲ, ಬರೀ ಗಾಬರಿ ಕಂಡಿತು.

"ಯಾಕ ಸುಜಾತಾ? ಏನಾತು?" ಎಂದರು.

"ಏನೂ ಇಲ್ಲ, ನೀವೇ ಅಂದಿರಲ್ಲ, ಬನ್ನಿ ಅಂತ."

"ನಾ ಯಾವಾಗ ಕರದೆ?"

ನಾನು ಫೋನ್ ತೆಗೆದು ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ನೋಡಿದರು. ಫೋನ್ ನೋಡಿದರು, ನನ್ನ ನೋಡಿದರು, ಗೋಳಿಬಜೆಯ ಡಬ್ಬಿ ನೋಡಿದರು.

"ಏ ಹುಚ್ಚಿ, ಇದು ಬನ್ನಿ! ಬನ್ನೀ ಎಲಿ. ದಸರಾಕ್ಕ ಬನ್ನಿ ಕೊಡೂದಿಲ್ಲೇನು ನಾವು, ಬಂಗಾರಧಾಂಗ ಇರೋಣು ಅಂತ? ಹ್ವಾದ ವರ್ಷ ಹಬ್ಬ ಇದ್ದಿದ್ದಿಲ್ಲ. ಈ ವರ್ಷ ಫೋನಿನಾಗ ಇದ್ದ ಎಲ್ಲಾರಿಗೂ ಒಂದ ಸಲಕ್ಕ ಕಳಿಸೀನಿ. ನಮ್ಮ ದಂತ ಡಾಕ್ಟರಗೂ ಹೋಗೇದ." ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದರು. "ಹದಿನೈದು ವರ್ಷದಾಗ ನಾ ನಿನಗ ಬನ್ನಿ ಅಂತ ಎಂದಾರ ಕರದೀನೇನು? ಒಬ್ಬಾಕಿ ಇದ್ರ ಬಾ ಅಂತೀನಿ, ಇಬ್ಬರಿದ್ರ ಬರ್ರಿ ಅಂತೀನಿ."

ನಿಜ. ಬೆಂಗಳೂರಿನವರು ಬನ್ನಿ ಅನ್ನುತ್ತಾರೆ, ನಾವು ಬನ್ನಿ ಅನ್ನುತ್ತೇವೆ. ಬಾಗಲಕೋಟೆಯವರ ಬಾಯಲ್ಲಿ ಬನ್ನಿ ಎಂದರೆ ಮರ, ಎಲೆ, ಹಬ್ಬ. ಅಷ್ಟು ವರ್ಷ ಅವರ ಮಾತು ಕೇಳಿದವಳಿಗೆ ಅದು ಹೊಳೆಯಲಿಲ್ಲ, ಏಕೆಂದರೆ ನನಗೆ ಬೇಕಾಗಿದ್ದದ್ದು ಕರೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕರೆಯದ ಮನೆಗೆ, ಕರೆದ ದಿನ ಹೋಗದವಳು, ದಂತವೈದ್ಯರಿಗೂ ಹೋದ ಮೆಸೇಜು ಹಿಡಿದು ಬಂದು ನಿಂತಿದ್ದೆ. "ತಪ್ಪಾಯಿತು ಗಿರಿಜಕ್ಕ, ನಾವು ಹೊರಡ್ತೇವೆ" ಅಂದೆ.

"ಬಾಗಲಿಗೆ ಬಂದವರನ್ನ ಹಂಗ ಕಳಿಸೂ ರೂಢಿ ನಮ್ಮ ಕಡೆ ಇಲ್ಲ. ಒಳಗ ಬರ್ರಿ, ಚಾ ಕುಡೀರಿ," ಎಂದರು. ಆ ದನಿಯಲ್ಲಿ ಮರ್ಯಾದೆಯಿತ್ತು, ಅಷ್ಟೇ ಇತ್ತು.

ಗೋಡೆಯ ಮೇಲೆ ಶ್ರೀಪಾದಣ್ಣನ ಫೋಟೋ, ಗಂಧದ ಹಾರ. ಕಿಟಕಿಯಾಚೆ ಹಿತ್ತಲಲ್ಲಿ ಒಂದು ಮೆಸ್ಕೀಟ್ ಗಿಡ. ಅದು ನಮ್ಮ ಬನ್ನಿಯ ದಾಯಾದಿ ಎಂದು ಎಲ್ಲೋ ಓದಿ, ಶ್ರೀಪಾದಣ್ಣನೇ ಮರುಭೂಮಿಯ ನರ್ಸರಿಯಿಂದ ತಂದು ನೆಟ್ಟದ್ದು. ಚಾ ಬಂತು. ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ಅದನ್ನು ಊದಿದೆವು. ಪಾಪ, ನಿಧಿಯೇ ಕೇಳಿದಳು: "ಸೋ ವೇರ್ ಆರ್ ಯು ಗೈಸ್ ಗೋಯಿಂಗ್?" ರಾಘುವಿಗೆ ಅಷ್ಟೇ ಸಾಕಾಯಿತು. ಮುಜುಗರವಾದಾಗಲೆಲ್ಲ ಎಕ್ಸೆಲ್ಲಿನ ಮೊರೆ ಹೋಗುವ ಮನುಷ್ಯ ಅವನು. ಲ್ಯಾಪ್‌ಟಾಪ್ ಬಿಚ್ಚಿ ದಾರಿ, ಕಣಿವೆ, ಪೀಕ್ ಎಲ್ಲ ವಿವರಿಸತೊಡಗಿದ.

ಗಿರಿಜಕ್ಕ ದೂರದಿಂದಲೇ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು ಪರದೆಯ ಮೇಲ್ಗಡೆ ಬೆರಳಿಟ್ಟರು. ಅಲ್ಲಿ 'ಜನ: 4' ಎಂದಿತ್ತು.

"ಇನ್ನಿಬ್ಬರು ಯಾರು?"

ರಾಘು ತಡವರಿಸಿದ. "ಅದು ಹಳೇ ಫೈಲು ಅಕ್ಕ. ಮೂರು ವರ್ಷದ ಹಿಂದೆ ಮಾಡಿದ್ದು. ಊರು ಬದಲಾಯ್ಸಿದೆ, ತಾರೀಕು ಬದಲಾಯ್ಸಿದೆ. ಅದೊಂದನ್ನು ಬದಲಾಯಿಸ್ಲಿಕ್ಕೆ ಕೈ ಬರ್ಲಿಲ್ಲ."

ಅದು ನನಗೂ ಗೊತ್ತಿರಲಿಲ್ಲ. ಗಿರಿಜಕ್ಕ ಡಬ್ಬಿ ತೆರೆದು ಒಂದು ಗೋಳಿಬಜೆ ತೆಗೆದುಕೊಂಡರು. "ಮುಂಜಾನೆ ಎಂಟಕ್ಕ ಬಿಡೂದಂತ ಬರದೀರಲ್ಲ, ಎಂಟಕ್ಕ ಬಿಟ್ರ ಅಲ್ಲಿ ಮುಟ್ಟೂದು ಯಾವಾಗ? ಆರಕ್ಕ ಬಿಡಬೇಕು. ಮತ್ತ ಊಟಕ್ಕ ಬರ್ಗರ್ ಅಂತ ಬರದೀರಿ. ಬುತ್ತಿ ಕಟ್ಟಿಕೊಂಡು ಹೋಗೂದು ಬಿಟ್ಟು ಬರ್ಗರ್ ಯಾಕ?" ರಾಘು ವಿಧೇಯ ವಿದ್ಯಾರ್ಥಿಯಾಗಿ ಟೈಪ್ ಮಾಡಿದ. ಅವರು ಇನ್ನೊಂದು ಗೋಳಿಬಜೆ ತಿಂದು, ಬೆರಳು ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ನಾಲ್ಕು ತಗದು ಮೂರು ಮಾಡ್ರಿ."

ರಾಘು ಮೂರು ಮಾಡಿದ. ನಾನು ಚಾದ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಮುಂದಿನ ನಾಲ್ಕು ದಿನ ಗಿರಿಜಕ್ಕ ದಿನಕ್ಕೆ ಮೂರು ಸಲ ಫೋನ್ ಮಾಡಿದರು. ಆದರೆ ಎಲ್ಲ ರಾಘುವಿಗೆ. ಅಲ್ಲಿ ಎಷ್ಟು ಥಂಡಿ, ಗುಡ್ಡ ಹತ್ತಬೇಕೋ ಕಾರು ಹೋಗುತ್ತದೋ, ಗಾಳಿಗೆ ಎಲೆ ಉದುರಿದರೆ ಏನು ಗತಿ. ನನ್ನೊಡನೆ ಮಾತು ಬುತ್ತಿಯ ಮಟ್ಟಿಗೆ ಮಾತ್ರ. "ರೊಟ್ಟಿ ನಾ ಮಾಡ್ತೀನಿ, ಮೊಸರನ್ನ ನೀ ಮಾಡು. ಬೆಲ್ಲ ಹಾಕಬ್ಯಾಡ." ನಗೆಯಾಡಿದರೂ ನಡುವೆ ಒಂದು ಗೋಡೆ ಇದ್ದೇ ಇತ್ತು. ಅವರು ಬರುತ್ತಿರುವುದು ಶ್ರೀಪಾದಣ್ಣನ ಆಸೆಗಾಗಿ, ನನಗಾಗಿ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಂಪು ಸೂಟ್‌ಕೇಸಿನಿಂದ ಸ್ವೆಟರ್ ತೆಗೆದು ಎರಡು ದಿನ ಬಾಲ್ಕನಿಯಲ್ಲಿ ಒಣಗಿಸಿದೆ. ನುಸಿಗುಳಿಗೆಯ ವಾಸನೆ ಹೋಗಲಿಲ್ಲ.

ಗುರುವಾರ ಸಂಜೆ ಅವರ ಮನೆ ಸೇರಿ, ಶುಕ್ರವಾರ ಆರಕ್ಕೆ ಸರಿಯಾಗಿ ಹೊರಟೆವು. ಮೊದಲು ಬೋಳು ಮರುಭೂಮಿ, ಆಮೇಲೆ ಎಡಗಡೆ ಗೋಡೆ ಎಬ್ಬಿಸಿದಂಥ ಬೆಟ್ಟಸಾಲು. ಗಿರಿಜಕ್ಕ ಮುಂದಿನ ಸೀಟಿನಲ್ಲಿ, ನಾನು ಹಿಂದೆ ಬುತ್ತಿಯ ಜೊತೆ. ಮಧ್ಯಾಹ್ನದ ಹೊತ್ತಿಗೆ ಬಿಷಪ್ಪಿನ ಮೇಲಿನ ಕಣಿವೆಗೆ ಏರಿದೆವು. ಮೇಲಿನ ಸರೋವರದ ಹತ್ತಿರ ಆ ವಾರದ ಗಾಳಿ ಎಲ್ಲ ಎಲೆಯನ್ನೂ ಉದುರಿಸಿ ಮುಗಿಸಿತ್ತು. ನಮ್ಮ ಪೀಕ್ ಕೈಕೊಟ್ಟಿತ್ತು. ರಾಘುವಿನ ಮುಖ ನೋಡಲಾಗುತ್ತಿರಲಿಲ್ಲ. ಆದರೆ ಎರಡು ಮೈಲಿ ಕೆಳಗೆ, ಹಳ್ಳದ ದಂಡೆಯಲ್ಲಿ, ಆಸ್ಪೆನ್ ಮರಗಳು ಇನ್ನೂ ತುಂಬ ಹಳದಿಯಾಗಿ ನಿಂತಿದ್ದವು. ಗಾಳಿ ಇಲ್ಲದಿದ್ದರೂ ಒಂದೊಂದು ಎಲೆಯೂ ನಡುಗುತ್ತಿತ್ತು.

"ಎಷ್ಟು ಛಂದ ಹಣ್ಣಾಗ್ಯಾವ," ಎಂದರು ಗಿರಿಜಕ್ಕ. ರಾಘು ಫೋಟೋ ತೆಗೆಯುತ್ತ ಹಳ್ಳದ ಮೇಲ್ಗಡೆ ಹೋದ. ನಾವಿಬ್ಬರೂ ಒಂದು ಬಂಡೆಯ ಮೇಲೆ ಕುಳಿತೆವು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

"ಗಿರಿಜಕ್ಕ, ರಾಘುವಿನ ಆಸ್ತಮಾ ಒಂದು ನೆಪ. ನಾನೊಬ್ಬಳೇ ಬರಬಹುದಿತ್ತು. ಹೆದರಿಕೆ ಆಯಿತು. ಬರಲಿಲ್ಲ."

"ಗೊತ್ತದ," ಎಂದರು. ಬಿದ್ದಿದ್ದ ಒಂದು ಹಳದಿ ಎಲೆ ಎತ್ತಿ ಮಡಿಲಲ್ಲಿಟ್ಟುಕೊಂಡರು. "ಅವತ್ತ ನಿಮ್ಮ ಮನಿ ಕುಕ್ಕರ್ ಸೀಟಿ ಹೊಡೀತು."

ನನಗೆ ಅರ್ಥವಾಗಲಿಲ್ಲ.

"ಝೂಮಿನಾಗ. ನಿಮ್ಮ ಮೈಕ್ ಬಂದ್ ಆಗಿದ್ದಿಲ್ಲ. ಭಟ್ಟರು ಮಂತ್ರ ಹೇಳಲಿಕತ್ತಿದ್ರು, ನಡುವ ಮೂರು ಸೀಟಿ."

ಅನ್ನಕ್ಕಿಟ್ಟದ್ದು ನೆನಪಾಯಿತು. ಮೂರು ಸೀಟಿಗೆ ಎದ್ದು ಒಲೆ ಆರಿಸಿದ್ದು ನೆನಪಾಯಿತು. ಅದು ಅಲ್ಲಿ, ಅವರೆಲ್ಲರ ನಡುವೆ ಕೇಳಿಸಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಎರಡು ದಿನದಿಂದ ನಾ ಏನೂ ತಿಂದಿದ್ದಿಲ್ಲ," ಎಂದರು. "ಆ ಸೀಟಿ ಕೇಳಿದ ಕೂಡಲೇ, ಸುಜಾತಾ ಅನ್ನಕ್ಕ ಇಟ್ಟಾಳ, ಸಾರು ಏನು ಮಾಡ್ಯಾಳೋ ಅನ್ನಿಸ್ತು. ಹಸಿವಾತು ನನಗ. ಅವರನ್ನ ಮುಂದ ಇಟ್ಟುಕೊಂಡು ಹಸಿವಾತು. ನೀ ಬರಲಿಲ್ಲಂತ ಸಿಟ್ಟು ಇತ್ತು, ಸುಳ್ಳು ಹೇಳೂದಿಲ್ಲ. ಆದ್ರ ಆ ಸಿಟ್ಟು ಒಂದು ನಾಲ್ಕು ತಿಂಗಳಿಗೆ ಹೋತು. ಈ ನಾಚಿಕಿ ಹೋಗಲಿಲ್ಲ. ನಿನ್ನ ಫೋನ್ ಬಂದಾಗೊಮ್ಮೆ ಅದ ನೆನಪಾಗೂದು. ಎಂಥಾ ಹೆಂಗಸು ನಾ ಅಂತ. ಅದಕ್ಕ ಎತ್ತಲಿಲ್ಲ."

ಎರಡು ವರ್ಷ ನಾನು ನನ್ನ ತಪ್ಪನ್ನೇ ಎದುರಿಗಿಟ್ಟುಕೊಂಡು ಕುಳಿತಿದ್ದೆ. ಅವರು ಬೇರೊಂದನ್ನು ಎದುರಿಗಿಟ್ಟುಕೊಂಡು, ಅಷ್ಟೇ ಒಬ್ಬಂಟಿಯಾಗಿ ಕುಳಿತಿದ್ದರು. ಅವರ ಕೈ ಹಿಡಿದುಕೊಂಡೆ. "ಹಸಿವಾಗುವುದು ತಪ್ಪಲ್ಲ ಗಿರಿಜಕ್ಕ," ಎಂದೆ. "ನಾನು ಬಂದಿದ್ದರೆ ನಾನೇ ಉಣಿಸ್ತಿದ್ದೆ." ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಮೇಲ್ಗಡೆಯಿಂದ ಬರುತ್ತಿದ್ದ ರಾಘು ನಮ್ಮನ್ನು ನೋಡಿ, ಅಲ್ಲೇ ತಿರುಗಿ ಇನ್ನಷ್ಟು ಫೋಟೋ ತೆಗೆಯಲು ಹೋದ.

ಸ್ವಲ್ಪ ಹೊತ್ತಿನ ಮೇಲೆ ಗಿರಿಜಕ್ಕ ಮೂಗು ಒರೆಸಿಕೊಂಡು, "ಬುತ್ತಿ ಬಿಚ್ಚು," ಎಂದರು. ಬಿಚ್ಚಿದೆ. ಅವರು ಮೊಸರನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು.